ಕೊರುಂಗುಕುದ್ರುವಿಗೆ ಟಪ್ಪಾಲು ದಾಟುವ ಹೊತ್ತು

ಎಪ್ಪತ್ತನಾಲ್ಕರಲ್ಲಿ, ನನ್ನ ಗಂಡ ಸಿರಿಲ್ ಬಹರೈನಿಗೆ ಹೋದ ವಾರ, ಪೋಸ್ಟ್‌ಮ್ಯಾನ್ ದೂಮಪ್ಪಣ್ಣ ನಮ್ಮ ಅಂಗಳದಲ್ಲಿ ನಿಂತು ನನಗೊಂದು ಮಾತು ಕೊಟ್ಟರು.

"ಬಾಯಮ್ಮ, ಪೊರ್ಬುಗಳ ಕಾಗದ ಆಚೆ ದಡದ ಕಚೇರಿಗೆ ಬಂದ ದಿನವೇ ನಿಮ್ಮ ಕೈಗೆ ಬರ್ತದೆ. ಒಂದು ರಾತ್ರಿ ಸಹ ಅದು ಆಚೆ ಮಲಗುವುದಿಲ್ಲ. ನಾನು ಚೀಲ ಹೊರುವಷ್ಟು ದಿನ."

ಪೊರ್ಬುಗಳು ಎಂದರೆ ಸಿರಿಲ್, ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಹಾಗೆ ಕರೆಯುವುದು. ಆ ಮಾತು ದೂಮಪ್ಪಣ್ಣ ತಾವಾಗಿ ಕೊಟ್ಟದ್ದಲ್ಲ, ನಾನು ಕೇಳಿ ಪಡೆದದ್ದು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಝೀಟಾ ಹೊಟ್ಟೆಯಲ್ಲಿದ್ದಳು. ಕಾಗದ ಬಂದೂ ನನಗೆ ಸಿಗದೆ ಎಲ್ಲೋ ಬಿದ್ದಿರಬಹುದು ಎಂಬ ಯೋಚನೆಯನ್ನೇ ನನಗೆ ತಡೆಯಲಾಗುತ್ತಿರಲಿಲ್ಲ. ನಮ್ಮ ಅತ್ತೆ ಆಂಜೆಲಾ, ನಾವು ಮಾಂಯ್ ಎನ್ನುವುದು, ಒಳಗಿನಿಂದ ಕೇಳಿಸಿಕೊಂಡು, "ಪಾಪದವನ ಹತ್ತಿರ ಆಣೆ ಹಾಕಿಸ್ತಾಳೆ. ಅವನೇನು ಗಾಳಿಗೆ, ನೀರಿಗೆ ಯಜಮಾನನಾ?" ಎಂದಿದ್ದರು.

ಯಜಮಾನನಲ್ಲ. ಆದರೆ ನೀರಿನ ಸ್ವಭಾವ ದೂಮಪ್ಪಣ್ಣನಿಗೆ ಗೊತ್ತಿತ್ತು. ಕಡಲ ಬದಿಯ ಹೂಡೆಯಿಂದ ಸ್ವಲ್ಪ ಮೇಲೆ ಹೊಳೆ ಸೀಳಿ ಮತ್ತೆ ಕೂಡುವಲ್ಲಿ ನಮ್ಮ ನಡುಗಡ್ಡೆ, ಕೊರುಂಗುಕುದ್ರು. ಒಂದು ಬದಿ ದೊಡ್ಡ ಹೊಳೆ, ಇನ್ನೊಂದು ಬದಿ ಸಣ್ಣ ಕವಲು. ದೋಣಿ ಇರುವುದು ದೊಡ್ಡ ಹೊಳೆಗೆ. ಬೆಳಿಗ್ಗೆ ಸೊಪ್ಪು, ಬಸಳೆ, ಮಕ್ಕಳನ್ನು ಹೊತ್ತುಕೊಂಡು ಹೋದರೆ ಸಂಜೆಯೇ ತಿರುಗಿ ಬರುವುದು. ಅಂಚೆ ಕಚೇರಿ ಇರುವುದು ಕವಲಿನ ಆಚೆ. ಉಡುಪಿಯಿಂದ ಬಸ್ಸಿನಲ್ಲಿ ಚೀಲ ಬಂದ ಮೇಲೆ ದೂಮಪ್ಪಣ್ಣ ದಡದಲ್ಲಿ ಕೂತು ಭರತದ ಉಬ್ಬರ ಇಳಿಯುವುದನ್ನು ಕಾಯುತ್ತಿದ್ದರು. ನೀರು ತೊಡೆಮಟ್ಟಕ್ಕೆ ಬಂದರೆ ಚೀಲ ತಲೆಯ ಮೇಲಿಟ್ಟು ಇಳಿಯುವರು. ದಾಟಬಹುದಾದ ಜಾಗ ಒಂದೇ, ಅಲ್ಲಿ ಅಡಿಯಲ್ಲಿ ಮರಳು. ಉಳಿದ ಕಡೆ ಸೊಂಟದವರೆಗೆ ಹೂಳುವ ಕೆಸರು. ಮಳೆಗಾಲಕ್ಕೆ ಇಲಾಖೆ ಒಂದು ಚಿಕ್ಕ ದೋಣಿಯ ಬಾಡಿಗೆ ಕೊಡುತ್ತಿತ್ತು. ಉಳಿದ ತಿಂಗಳು ನಡೆದು ದಾಟಬಹುದು ಎಂದು ಅವರ ಪುಸ್ತಕದಲ್ಲಿ ಬರೆದಿತ್ತಂತೆ. ಅದು ಸುಳ್ಳೂ ಅಲ್ಲ.

ಹಾಗೆ ಒಂಬತ್ತು ವರ್ಷ ನಡೆಯಿತು. ಸಿರಿಲ್‌ರ ಕಾಗದದ ಹಿಂಬದಿಯಲ್ಲಿ ನಮ್ಮ ಅಂಚೆಯ ಮುದ್ರೆ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಮುದ್ರೆಯ ತಾರೀಕು, ಕೈಗೆ ಬಂದ ತಾರೀಕು ಯಾವತ್ತೂ ಒಂದೇ. ವಾರದಲ್ಲಿ ಕೆಲವು ದಿನ ನಾನು ಕಡಿಯಾಳಿಯ ಟೈಲರ್ ಅಂಗಡಿಯಲ್ಲಿ ಕೂತು ರವಿಕೆ ಹೊಲಿಯುತ್ತಿದ್ದೆ. ಸಂಜೆಯ ದೋಣಿಯಲ್ಲಿ ಬಂದು ಇಳಿಯುವಾಗ ಮಾಂಯ್ ದಕ್ಕೆಯಲ್ಲೇ ನಿಂತು, "ಉಂಟು" ಎಂದೋ "ಇಲ್ಲ" ಎಂದೋ ಹೇಳುವರು. ಎಂತ ಉಂಟು, ಎಂತ ಇಲ್ಲ ಎಂದು ಕೇಳಬೇಕಾಗಿರಲಿಲ್ಲ.

ಎಂಬತ್ತಮೂರರ ಮಳೆ ನಿಂತ ಮೇಲೆ ಮಣಿಪಾಲದಿಂದ ಭುಜಂಗ ಮೇಷ್ಟ್ರು ಬಂದರು. ಕಾರ್ಕಳದವರು, ಇಂಜಿನಿಯರಿಂಗ್ ಕಲಿಸುವವರು, ತೆಳ್ಳಗೆ, ಯಾವಾಗಲೂ ಒದ್ದೆ ಚಪ್ಪಲಿ. ಕುದ್ರುವಿನ ತುದಿಯಲ್ಲಿ ಸುತ್ತ ಮಣ್ಣಿನ ಕಟ್ಟ ಕಟ್ಟಿದ ಹಳೆಯ ಉಪ್ಪುನೀರ ಗದ್ದೆಯೊಂದಿತ್ತು, ಬೆಳೆ ತೆಗೆಯುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಅದರ ತೂಬಿಗೆ ಮೇಷ್ಟ್ರು ಒಂದು ಚಕ್ರ ಕೂರಿಸಿದರು. ಭರತದಲ್ಲಿ ಗದ್ದೆ ತುಂಬುವುದು, ಬಾಗಿಲು ಹಾಕುವುದು, ಹೊರಗೆ ನೀರು ಇಳಿದ ಮೇಲೆ ಬಾಗಿಲು ತೆರೆಯುವುದು. ನೀರು ನುಗ್ಗುವಾಗ ಚಕ್ರ ತಿರುಗಿ, ಅದರಿಂದ ಬ್ಯಾಟರಿಗೆ ಕರೆಂಟು. ದೆಹಲಿಯಲ್ಲಿ ಹೊಸ ಇಂಧನಕ್ಕೆ ಅಂತ ಒಂದು ಇಲಾಖೆ ಶುರುವಾಗಿದೆ, ಮೇ ತಿಂಗಳಲ್ಲಿ ಅಲ್ಲಿಯವರು ನೋಡಲು ಬರುತ್ತಾರೆ, ಅಷ್ಟರವರೆಗೆ ಚಕ್ರ ಒಂದು ದಿನವೂ ತಪ್ಪದೆ ತಿರುಗಿದ್ದು ತೋರಿಸಿದರೆ ದೊಡ್ಡ ಚಕ್ರಕ್ಕೆ ಸಹಾಯ ಸಿಗುತ್ತದೆ, ಆಗ ಪ್ರತಿ ಮನೆಗೂ ದೀಪ ಎಂದು ಮೇಷ್ಟ್ರು ಹೇಳಿದರು.

ಆಗ ಕುದ್ರುವಿನಲ್ಲಿ ಕರೆಂಟು ಇರಲಿಲ್ಲ. ಮೊದಲ ಸಂಜೆ ಮೂರು ಬಲ್ಬು ಉರಿದವು: ನಮ್ಮ ಶಿಲುಬೆಯ ಕಟ್ಟೆಗೊಂದು, ಭಜನಾ ಮಂದಿರಕ್ಕೊಂದು, ದಕ್ಕೆಗೊಂದು. ಮಾಂಯ್ ಶಿಲುಬೆಯ ಕಟ್ಟೆಯಲ್ಲಿ ತೇರ್ಸ್ ಜಪಮಾಲೆ ಹೇಳಿ ಮುಗಿಸಿದ ಮೇಲೂ ಬಹಳ ಹೊತ್ತು ಎದ್ದುಬರಲಿಲ್ಲ. "ಎಂತ ಮಾಂಯ್, ಇನ್ನೂ ಪ್ರಾರ್ಥನೆಯಾ?" ಎಂದರೆ, "ಸೊಳ್ಳೆ ಹೇಗಿರ್ತದೆ ಅಂತ ಈಗಲಾದರೂ ಸರಿಯಾಗಿ ನೋಡ್ತಿದ್ದೇನೆ" ಎಂದರು.

ಆ ತೂಬಿನ ಬಾಯಿ ಇದ್ದದ್ದು ದೂಮಪ್ಪಣ್ಣ ದಾಟುವ ಜಾಗದ ನೇರಕ್ಕೆ.

ಭರತದ ಹೊತ್ತು ದಿನದಿನಕ್ಕೆ ಜಾರುತ್ತದೆ, ಆದರೂ ಮಾತು ಒಂದೇ. ನೀರು ಇಳಿದಾಗಲೇ ಚಕ್ರ ತಿರುಗುವುದು, ನೀರು ಇಳಿದಾಗಲೇ ಮನುಷ್ಯ ದಾಟುವುದು. ಬೆಳಗಿನ ಹೊತ್ತು ಮೇಷ್ಟ್ರಿಗೆ ಕಾಲೇಜು. ಅವರು ಬಂದು ಬಾಗಿಲು ತೆರೆಯುವುದು ಮಧ್ಯಾಹ್ನದ ಮೇಲೆ. ಚೀಲ ಬರುವುದೂ ಮಧ್ಯಾಹ್ನಕ್ಕೆ. ಒಂದು ದಿನ ದೂಮಪ್ಪಣ್ಣ ಮೊಣಕಾಲು ನೀರು ಎಂದು ಇಳಿದರು. ತೂಬಿನ ನೀರು ಅಡ್ಡಕ್ಕೆ ಹೊಡೆದು ಕಾಲು ನಿಲ್ಲದೆ ಬಿದ್ದರು. ಚೀಲ ಬಿಡಲಿಲ್ಲ, ಆದರೆ ಒಳಗಿನ ಮನಿಯಾರ್ಡರ್ ಫಾರಂಗಳ ಶಾಯಿ ಹರಡಿ ಯಾರಿಗೆ ಎಷ್ಟು ಎಂದು ಓದಲು ಆಗಲಿಲ್ಲ. ಪೋಸ್ಟ್ ಮಾಸ್ತರರು, "ಇನ್ನು ನೀರು ಬಿಡುವ ಹೊತ್ತಿಗೆ ಇಳಿಯಬೇಡ. ಮಾರನೇ ಬೆಳಿಗ್ಗೆ, ಬಾಗಿಲು ಹಾಕಿರುವಾಗ ಹೋಗು" ಎಂದರು.

ಸಿರಿಲ್‌ರ ಕಾಗದದ ಮುದ್ರೆ ನನ್ನ ಕೈಗೆ ಬಂದ ದಿನಕ್ಕಿಂತ ಒಂದು ದಿನ ಹಿಂದಕ್ಕೆ ಹೋಯಿತು. ನಾನು ದೂಮಪ್ಪಣ್ಣನನ್ನು ಕೇಳಲಿಲ್ಲ. ಅವರೇ ಒಂದು ಭಾನುವಾರ ತೋಟದ ಬೇಲಿಯ ಹತ್ತಿರ ನಿಂತು, "ನಿಮಗೆ ಗೊತ್ತಾಗಿರಬಹುದು ಬಾಯಮ್ಮ" ಎಂದರು.

"ಗೊತ್ತಾಗಿದೆ."

"ಮೇಷ್ಟ್ರ ಹತ್ತಿರ ಹೇಳುವ ಅಂತ ಹೋದೆ. ಹೋಗುವಾಗ ಅವರು ಕೆಸರಿನಲ್ಲಿ ಮಲಗಿಕೊಂಡು ನಟ್ಟು ಬಿಗಿ ಮಾಡ್ತಿದ್ರು. ಹೇಗೆ ಹೇಳುವುದು? ಮಳೆಗಾಲದ ಆ ದೋಣಿಯನ್ನೇ ಬೇಸಿಗೆಗೂ ಕೊಡಿ ಅಂತ ಪೋಸ್ಟ್ ಮಾಸ್ತರರು ಉಡುಪಿಗೆ ಬರೆದಿದ್ದಾರೆ. ಅದು ಬಂದರೆ ಎಲ್ಲ ಸರಿಯಾಗ್ತದೆ. ಸ್ವಲ್ಪ ದಿನ ತಡೆದುಕೊಳ್ಳಿ."

ಅದು ಬರಲಿಲ್ಲ. ಬದಲಿಗೆ ಫೆಬ್ರವರಿಯಲ್ಲಿ ಇನ್ಸ್‌ಪೆಕ್ಟರ್ ಬಂದರು.

ಅಂಚೆ ಇನ್ಸ್‌ಪೆಕ್ಟರ್ ಕರುಣಾಕರರು ಕಾಪುವಿನವರು. ಅವರ ಕೆಲಸದಲ್ಲಿ ಒಂದು, ಕಾರ್ಕಳದಿಂದಲೋ ಕಾಪುವಿನಿಂದಲೋ ಊರೂರಿಗೆ ಪರೀಕ್ಷೆಯ ಕಾಗದ ಹಾಕುವುದು. ಒಳಗೆ ಒಂದು ಚೀಟಿ. ಈ ಕಾಗದವನ್ನು ಯಾವತ್ತು ಹಾಕಿದ್ದು ಎಂದು ಮೇಲೆ ಬರೆದಿರುತ್ತದೆ, ನಿಮಗೆ ಯಾವತ್ತು, ಎಷ್ಟು ಹೊತ್ತಿಗೆ ಸಿಕ್ಕಿತು ಎಂದು ಕೆಳಗೆ ಬರೆದು ಕಳುಹಿಸಬೇಕು. ಕುದ್ರುವಿನಲ್ಲಿ ಮೂರು ಮನೆಗೆ ಅಂಥದು ಬರುತ್ತಿತ್ತು, ನಮ್ಮದೂ ಒಂದು. ನನ್ನ ಹೆಸರಿಗೇ ಬಂದರೂ ನಾನು ಕಡಿಯಾಳಿಯಲ್ಲಿರುವ ದಿನ ಮಾಂಯ್ ತಾವೇ ಬರೆದು ದೂಮಪ್ಪಣ್ಣನ ಕೈಯಲ್ಲಿ ಕೊಟ್ಟುಬಿಡುತ್ತಿದ್ದರು. ನನಗೆ ಅದೊಂದು ಕೆಲಸ ಕಡಿಮೆ ಎಂದು ಸಮಾಧಾನ.

ಆ ದಿನ ನಾನು ಮನೆಯಲ್ಲೇ ಇದ್ದೆ. ಇನ್ಸ್‌ಪೆಕ್ಟರರು ಬೆಳಿಗ್ಗೆ ಹೋದ ದೋಣಿಯನ್ನು ಸಂಜೆಯವರೆಗೆ ಕಾಯದೆ ಮಧ್ಯಾಹ್ನಕ್ಕೇ ಕರೆಸಿಕೊಂಡು ಬಂದಿದ್ದರು. ಜಗಲಿಯ ಬೆಂಚಿನ ಮೇಲೆ ಕೂತರು. ದೂಮಪ್ಪಣ್ಣ ಮೆಟ್ಟಿಲ ಕೆಳಗೆ ನಿಂತರು. ಕೂತುಕೊಳ್ಳಿ ಎಂದರೆ ಕೇಳಲಿಲ್ಲ. ಮಾಂಯ್ ಎಳನೀರಿನ ಬೊಂಡ ಕೆತ್ತಿ ತಂದರು.

"ಅಮ್ಮ, ಈ ಕಾಗದ ನಿಮಗೆ ಯಾವಾಗ ಸಿಕ್ಕಿದ್ದು?"

"ಅದರಲ್ಲೇ ಬರೆದುಂಟಲ್ಲ."

"ಬರೆದದ್ದು ಯಾರು?"

"ನಾನೇ. ಅಕ್ಷರ ಚಂದ ಇಲ್ಲ ಅಂತ ಹೇಳ್ಲಿಕ್ಕೆ ಅಷ್ಟು ದೂರದಿಂದ ಬಂದದ್ದಾ?"

"ಅಕ್ಷರ ಚಂದವೇ ಉಂಟು. ಬುಧವಾರ ಮಧ್ಯಾಹ್ನ ಹನ್ನೆರಡು ಅಂತ ಬರೆದಿದ್ದೀರಿ. ಬುಧವಾರ ಬಸ್ ಮುಷ್ಕರ. ಚೀಲ ಉಡುಪಿಯಿಂದ ಹೊರಡಲೇ ಇಲ್ಲ."

ಮಾಂಯ್ ಸ್ವಲ್ಪ ಯೋಚಿಸಿದರು. "ಹಾಗಾದರೆ ದೂಮಪ್ಪ ನಡೆದುಕೊಂಡು ಹೋಗಿ ತಂದಿರಬೇಕು. ಅವನು ಹಾಗೆಲ್ಲ ಮಾಡುವವನೇ."

ಇನ್ಸ್‌ಪೆಕ್ಟರರು ನಗಲಿಲ್ಲ. ಮೆಟ್ಟಿಲ ಕೆಳಗಿನಿಂದ ದೂಮಪ್ಪಣ್ಣ ಹೇಳಿದರು: "ನಾನು ತರಲಿಲ್ಲ ಸರ್. ಅದು ಬಂದದ್ದು ಗುರುವಾರ. ಕೊಟ್ಟದ್ದು ಶುಕ್ರವಾರ ಬೆಳಿಗ್ಗೆ."

"ಮತ್ತೆ ಇವರು ಮೂರು ಮನೆಯವರೂ ಬುಧವಾರ ಅಂತ ಬರೆದದ್ದು ಹೇಗೆ ಮಾರಾಯ್ರೆ? ಮೂವರಿಗೂ ಒಂದೇ ಕನಸು ಬಿತ್ತಾ? ನೀವು ಹೇಳಿ ಬರೆಸಿದ್ದು ಅಂತ ಯಾರು ನೋಡಿದರೂ ಹೇಳ್ತಾರೆ. ನಾನೂ ಹೇಳ್ತೇನೆ." ಬೊಂಡವನ್ನು ಬೆಂಚಿನ ಮೇಲಿಟ್ಟರು. "ತಡ ಆದದ್ದು ದೊಡ್ಡದಲ್ಲ. ಹೊಳೆ, ಮುಷ್ಕರ, ಎಲ್ಲ ನನಗೆ ಅರ್ಥವಾಗ್ತದೆ. ಜನರ ಹತ್ತಿರ ಸುಳ್ಳು ಬರೆಸಿದ್ದು ದೊಡ್ಡದು. ನಾಳೆಯಿಂದ ನಿಮ್ಮನ್ನು ಬರಬೇಡಿ ಅಂತ ಹೇಳಬೇಕಾಗ್ತದೆ. ವಿಚಾರಣೆ ಆದ ಮೇಲೆ ಪೂರ್ತಿಯೇ ಬರಬೇಡಿ ಅಂತ."

ದೂಮಪ್ಪಣ್ಣನದು ಖಾಯಂ ಕೆಲಸವಲ್ಲ. ಅಂಥವರನ್ನು ತೆಗೆಯಲು ಮೇಲಿನಿಂದ ಒಂದು ಸಾಲು ಬಂದರೆ ಸಾಕು ಎಂಬುದು ಕುದ್ರುವಿಗೆಲ್ಲ ಗೊತ್ತಿತ್ತು. ಆದರೂ ತಾನು ಹೇಳಿ ಬರೆಸಲಿಲ್ಲ ಎಂದು ದೂಮಪ್ಪಣ್ಣ ಹೇಳಲಿಲ್ಲ. ಅದನ್ನು ಹೇಳಿದರೆ ತಪ್ಪು ಮಾಂಯ್ ತಲೆಗೆ ಬರುತ್ತದೆ.

ಮಾಂಯ್ ಕತ್ತಿಯನ್ನು ಕೆಳಗಿಟ್ಟು ಇನ್ಸ್‌ಪೆಕ್ಟರರ ಎದುರೇ ನೆಲದಲ್ಲಿ ಕೂತರು.

"ಅವನು ಹೇಳಿಕೊಟ್ಟದ್ದಲ್ಲ. ಅವನು ಅದನ್ನು ಓದಿಯೂ ನೋಡುವುದಿಲ್ಲ. ನೀವು ಹಾಕಿದ ದಿನ ಮೇಲೆ ಇರ್ತದಲ್ಲ, ಅದರ ಮಾರನೇ ದಿನ ಬರೆಯುವುದು. ನಾನು ಹಾಗೆ. ಆಚೆಮನೆ ಕುಶಲಾ ಹಾಗೆ. ಕೇಳಿ ಬೇಕಾದರೆ."

"ಯಾಕೆ?"

"ಯಾಕೆ ಅಂದರೆ? ಹೊರಗಿನವರೊಬ್ಬರು ಬಂದು, ನಿಮ್ಮ ಜನ ಹೇಗೆ, ಸರಿ ಉಂಟಾ ಅಂತ ಕೇಳಿದರೆ, ಸರಿ ಇಲ್ಲ ಅಂತ ಹೇಳುವುದಾ? ನಿಮ್ಮ ಕಾಪುವಿನಲ್ಲಿ ಹಾಗೆ ಹೇಳ್ತಾರಾ?"

ಇನ್ಸ್‌ಪೆಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: "ಡಿಸೆಂಬರಿನಲ್ಲಿ ನಿಮ್ಮ ಪೋಸ್ಟ್ ಮಾಸ್ತರರು ದೋಣಿ ಕೇಳಿದರು. ನಾನೇ ಶಿಫಾರಸು ಮಾಡಿ ಮೇಲೆ ಕಳುಹಿಸಿದೆ. ಮೇಲಿನವರು ನಿಮ್ಮ ಈ ಚೀಟಿಗಳನ್ನೆಲ್ಲ ತೆಗೆದು ನೋಡಿದರು. ಒಂದೂ ಕಾಗದ ತಡವಾಗಿಲ್ಲ, ಇಷ್ಟು ಚಂದ ನಡೆಯುವ ಊರು ಜಿಲ್ಲೆಯಲ್ಲೇ ಇಲ್ಲ, ದೋಣಿ ಯಾಕೆ ಅಂತ ಕೇಳಿ ವಾಪಸ್ ಕಳುಹಿಸಿದರು. ನಿಮ್ಮ ಪೋಸ್ಟ್‌ಮ್ಯಾನಿಗೆ ನೀವು ಮಾಡಿದ ಉಪಕಾರ ಇದು, ಅಮ್ಮ."

ಮಾಂಯ್ ದೂಮಪ್ಪಣ್ಣನ ಕಡೆ ನೋಡಿದರು. ದೂಮಪ್ಪಣ್ಣ ತೆಂಗಿನ ಮರದ ಕಡೆ ನೋಡಿದರು.

"ಈಗ ದೋಣಿ ಕೊಡಬಹುದಲ್ಲ?" ನಾನು ಕೇಳಿದೆ.

"ಈಗ ಫೈಲಿನಲ್ಲಿ ಸುಳ್ಳು ಬರೆದ ಊರು ಅಂತ ಆಗಿದೆ. ಈಗ ನೀವು ಸತ್ಯ ಹೇಳಿದರೂ, ಪೋಸ್ಟ್‌ಮ್ಯಾನನನ್ನು ಉಳಿಸಲಿಕ್ಕೆ ಹೇಳುವುದು ಅಂತಾರೆ. ಮೊದಲು ಒಂದು ಹೇಳಿ. ಮುಷ್ಕರ ಒಂದು ದಿನ. ಕಾಗದ ಬಂದ ಗುರುವಾರವೇ ಇವರು ಯಾಕೆ ದಾಟಲಿಲ್ಲ?"

"ವೊಗಿ ರಾವ್, ವೆರೊನ್," ಮಾಂಯ್ ನನಗೆ ಕೊಂಕಣಿಯಲ್ಲಿ ಸುಮ್ಮನಿರಲು ಹೇಳಿದರು. ಚಕ್ರದ ಮಾತು ಸರಕಾರದವರ ಕಿವಿಗೆ ಬಿದ್ದರೆ ದೀಪ ಹೋಗುತ್ತದೆ ಎಂಬ ಹೆದರಿಕೆ. ನನಗೂ ಅದೇ ಹೆದರಿಕೆ. ಚಿಮಿಣಿ ದೀಪದ ಕೆಳಗೆ ಕಪ್ಪು ಬಟ್ಟೆಗೆ ಕಪ್ಪು ನೂಲು ಹಾಕಿ ಹೊಲಿದವರಿಗೆ ಮನೆಗೊಂದು ಬಲ್ಬು ಅಂದರೆ ಎಂತ ಎಂದು ಗೊತ್ತಾಗುತ್ತದೆ. ಝೀಟಾ ಆಗ ನಾಲ್ಕನೇ ಕ್ಲಾಸು. ದಕ್ಕೆಯ ಬಲ್ಬಿನ ಕೆಳಗೆ ಕೂತು ಓದುತ್ತಿದ್ದಳು. ಆದರೆ ಮೆಟ್ಟಿಲ ಕೆಳಗೆ ನಿಂತವರಿಗೂ ಮನೆಯಲ್ಲಿ ಮೂರು ಮಕ್ಕಳು.

"ಬನ್ನಿ, ತೋರಿಸ್ತೇನೆ," ಎಂದೆ.

ನಾವು ಕವಲಿಗೆ ಹೋಗುವಾಗ ಇಳಿತ. ಭುಜಂಗ ಮೇಷ್ಟ್ರು ಆಗಲೇ ಬಾಗಿಲು ತೆರೆದಿದ್ದರು. ಚಕ್ರ ಒಂದೇ ಸಮನೆ ತಿರುಗುತ್ತಿತ್ತು, ತೂಬಿನಿಂದ ಬಂದ ನೀರು ದಾಟುವ ಜಾಗವನ್ನು ಬಿಳಿ ನೊರೆಯಾಗಿ ಸೀಳಿಕೊಂಡು ಹೋಗುತ್ತಿತ್ತು. ಇನ್ಸ್‌ಪೆಕ್ಟರರು ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು ಇಳಿದರು. ಬೇಡ ಎಂದರೂ ಕೇಳಲಿಲ್ಲ. ನೀರು ಮೊಣಕಾಲಿಗಿಂತ ಮೇಲಿರಲಿಲ್ಲ. ನಾಲ್ಕೈದು ಹೆಜ್ಜೆಗೆ ತೂಗಾಡಿದರು. ದೂಮಪ್ಪಣ್ಣ ಹೋಗಿ ರಟ್ಟೆ ಹಿಡಿದು ಮೇಲೆ ತಂದರು.

"ಒಂದು ಸರಕಾರ ನೀರು ಬಿಡು ಅಂತದೆ, ಇನ್ನೊಂದು ಸರಕಾರ ನೀರು ದಾಟು ಅಂತದೆ," ಕಾಲು ಒರೆಸಿಕೊಳ್ಳುತ್ತ ಇನ್ಸ್‌ಪೆಕ್ಟರರು ಅಂದರು. "ಎರಡೂ ಒಂದೇ ಸರಕಾರ, ಮೇಷ್ಟ್ರೇ."

ಭುಜಂಗ ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಮುಖ ಸಣ್ಣದಾಯಿತು. "ನಾನು ಮೊದಲ ದಿನವೇ ಕೇಳಿದ್ದೆ. ಯಾರಿಗಾದರೂ ತೊಂದರೆ ಉಂಟಾ ಅಂತ. ಎಲ್ಲರೂ ಏನಿಲ್ಲ, ಏನಿಲ್ಲ ಅಂದರು. ಬಸಳೆ ಕಟ್ಟು ಸಹ ಕೊಟ್ಟು ಕಳುಹಿಸಿದರು."

"ಇವರು ಹಾಗೆಯೇ," ಇನ್ಸ್‌ಪೆಕ್ಟರರು ಹೇಳಿದರು. "ನನಗೆ ಬೊಂಡ ಸಿಕ್ಕಿತು."

ಮೇಷ್ಟ್ರು ಬಾಗಿಲಿನ ಹಿಡಿಗೆ ಕೈ ಹಾಕಿದರು. "ನಿಲ್ಲಿಸ್ತೇನೆ. ಇವರು ದಾಟುವ ತನಕ ದಿನಾ ನಿಲ್ಲಿಸ್ತೇನೆ. ಆದರೆ ನಿಲ್ಲಿಸಿದ್ದನ್ನು ಬರೆಯಬೇಕಾಗ್ತದೆ. ಬಸ್ಸು ಯಾವಾಗ ಬರ್ತದೆ ಅಂತ ಹೇಳ್ಲಿಕ್ಕಾಗುವುದಿಲ್ಲ, ಕಾಯುವಾಗ ಇಳಿತ ಮುಗಿದು ಹೋಗ್ತದೆ."

"ಬರೆದರೆ ಎಂತ ಆಗ್ತದೆ?" ನಾನು ಕೇಳಿದೆ.

"ದೆಹಲಿಯವರು ಬರುವುದಿಲ್ಲ. ನಮ್ಮ ಭರತ ಮೊದಲೇ ಸಣ್ಣದು, ಅಷ್ಟು ದೊಡ್ಡ ದೊಡ್ಡ ಕಡೆ ಬಿಟ್ಟು ಇಲ್ಲಿಗೆ ಬರುವುದೇ ಕಷ್ಟದಲ್ಲಿ. ತಪ್ಪದೆ ನಡೀತದೆ ಅನ್ನುವುದೊಂದೇ ನನ್ನ ಹತ್ತಿರ ಇರುವುದು." ಆದರೂ ಹಿಡಿಯಿಂದ ಕೈ ತೆಗೆಯಲಿಲ್ಲ. ನಿಲ್ಲಿಸು ಎಂದು ನಾವು ಯಾರಾದರೂ ಒಬ್ಬರು ಹೇಳಿದ್ದರೆ ನಿಲ್ಲಿಸುತ್ತಿದ್ದರು.

ಯಾರೂ ಹೇಳಲಿಲ್ಲ. ಮಾಂಯ್ ನಮ್ಮ ಹಿಂದೆಯೇ ಬಂದು ನಿಂತಿದ್ದರು, ಅವರೂ ಹೇಳಲಿಲ್ಲ.

ಇನ್ಸ್‌ಪೆಕ್ಟರರು ಕಟ್ಟದ ಮೇಲೆ ಕೂತು ಪ್ಯಾಂಟು ಬಿಡಿಸಿಕೊಂಡರು. "ಒಂದು ದಾರಿ ಉಂಟು," ಎಂದರು. "ಟಪ್ಪಾಲು ಹಂಚುವ ಹೊತ್ತು ಬದಲಿಸಲಿಕ್ಕೆ ನನಗೆ ಅಧಿಕಾರ ಉಂಟು, ಜನ ಬರೆದು ಕೇಳಿದರೆ. ಇಂದು ಬಂದದ್ದನ್ನು ಮಾರನೇ ಬೆಳಿಗ್ಗೆ ಹಂಚುವುದು. ಅದೇ ಹೊತ್ತು ಅಂತ ಆದರೆ ಮತ್ತೆ ಇವರು ತಡ ಮಾಡಿದ್ದು ಅಂತ ಇಲ್ಲ. ಚೀಟಿಯಲ್ಲಿ ಸುಳ್ಳು ಬರೆಯುವ ಕೆಲಸವೂ ಇಲ್ಲ. ಚಕ್ರಕ್ಕೂ ಅಡ್ಡಿ ಇಲ್ಲ. ಹಿಂದಿನ ಚೀಟಿಗಳಿಗೆ ಅಮ್ಮ ಮತ್ತು ಆ ಎರಡು ಮನೆಯವರು, ಪೋಸ್ಟ್‌ಮ್ಯಾನ್ ಹೇಳದೆ ತಾವಾಗಿ ಬರೆದದ್ದು ಅಂತ ಸಹಿ ಹಾಕಿಕೊಡಬೇಕು. ನಾನು ಇವರಿಗೆ ಒಂದು ಎಚ್ಚರಿಕೆ ಕೊಟ್ಟು ಮುಗಿಸ್ತೇನೆ."

"ಮೂರು ಸಹಿ ಹಾಕ್ತೇನೆ ಬೇಕಾದರೆ," ಎಂದರು ಮಾಂಯ್.

"ಒಂದು ಸಾಕು. ಮಾರನೇ ದಿನದ ತಾರೀಕು ಹಾಕಬೇಡಿ."

ಅಂಚೆಯ ಪರೀಕ್ಷೆಯ ಕಾಗದ ಬರುವುದು ನನ್ನ ಹೆಸರಿಗಾದ್ದರಿಂದ ಬರೆದು ಕೇಳುವುದೂ ನಾನೇ ಆಗಬೇಕಿತ್ತು. ಇನ್ಸ್‌ಪೆಕ್ಟರರು ಪೆನ್ನು ಕೊಟ್ಟರು. ನಾನು ಬರೆಯಲಿಲ್ಲ. ದೂಮಪ್ಪಣ್ಣ ಸ್ವಲ್ಪ ದೂರದಲ್ಲಿ, ನೀರಿಗೆ ಬೆನ್ನು ಹಾಕಿ ನಿಂತಿದ್ದರು.

"ದೂಮಪ್ಪಣ್ಣ, ನೀವು ಎಂತ ಹೇಳ್ತೀರಿ?"

"ನಾನು ಹೇಳ್ಲಿಕ್ಕೆ ಎಂತ ಉಂಟು ಬಾಯಮ್ಮ. ಮಾತು ಕೇಳಿದ್ದು ನೀವು. ಬೇಡ ಅಂದರೆ ಈ ಕೆಲಸ ಬಿಟ್ಟು ಪೆರ್ಡೂರಿನಲ್ಲಿ ಭಾವನ ಹೋಟೆಲಿಗೆ ಹೋಗ್ತೇನೆ. ಅವನು ಕರೀತಾ ಇದ್ದಾನೆ."

"ಅಲ್ಲಿ ಎಂತ ಮಾಡ್ತೀರಿ?"

"ನೀರು ತುಂಬಿಸುವುದು," ಎಂದರು. ಮೇಷ್ಟ್ರು ನಕ್ಕರು, ದೂಮಪ್ಪಣ್ಣ ನಗಲಿಲ್ಲ.

"ನಾನು ಬಿಟ್ಟುಕೊಡ್ತೇನೆ," ನಾನು ಹೇಳಿದೆ. "ಮಾತು ಬಿಟ್ಟುಕೊಟ್ಟೆ ಅಂತಲೇ ತಿಳಿದುಕೊಳ್ಳಿ. ನೀವು ತಪ್ಪಿದ್ದಲ್ಲ."

"ನೀವು ಹಾಗೆ ಹೇಳಬಹುದು," ಎಂದರು ದೂಮಪ್ಪಣ್ಣ. ಅಷ್ಟೇ.

ನಾನು ಬರೆದೆ. ಇನ್ಸ್‌ಪೆಕ್ಟರರು ಓದಿ ಮಡಚಿ ಜೇಬಿಗೆ ಹಾಕಿದರು. ಸಂಜೆಯ ದೋಣಿ ಬರುವವರೆಗೆ ಮಾಂಯ್ ಅವರಿಗೂ ಮೇಷ್ಟ್ರಿಗೂ ಗಂಜಿ ಬಡಿಸಿದರು, ಹೊಳೆಯ ಮರುವಾಯಿ ಚಿಪ್ಪಿನ ಸುಕ್ಕ ಮಾಡಿದ್ದರು. ಇನ್ಸ್‌ಪೆಕ್ಟರರು ಎರಡನೇ ಸಲ ಹಾಕಿಸಿಕೊಂಡು, ಹೇಗಿದೆ ಎಂದು ಮಾಂಯ್ ಕೇಳಿದಾಗ, "ಉಪ್ಪು ಸ್ವಲ್ಪ ಜಾಸ್ತಿ" ಎಂದರು. ಮಾಂಯ್‌ಗೆ ಆ ಮನುಷ್ಯನ ಮೇಲೆ ಕಡೆಯವರೆಗೂ ಆ ಸಿಟ್ಟು ಹೋಗಲಿಲ್ಲ.

ಮೇ ತಿಂಗಳಲ್ಲಿ ದೆಹಲಿಯವರು ಬಂದರು. ಇಬ್ಬರು, ಬಿಳಿ ಟೊಪ್ಪಿ ಹಾಕಿಕೊಂಡು, ಕಟ್ಟದ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಸಹಾಯ ಸಿಕ್ಕಿತು, ಕೇಳಿದಷ್ಟಲ್ಲ. ಎರಡನೇ ಚಕ್ರ ಬಂತು, ಹತ್ತಿರದ ಮನೆಗಳಿಗೆ ಒಂದೊಂದು ಬಲ್ಬು. ನಮ್ಮದು ಹೊಲಿಗೆ ಮೆಷಿನಿನ ಮೇಲೆ. ಎಂಬತ್ತೇಳರಲ್ಲಿ ಹೊಳೆಯ ಮೇಲೆ ತಂತಿ ಎಳೆದು ಮಾಮೂಲಿ ಕರೆಂಟು ಬಂದ ಮೇಲೆ ಚಕ್ರ ತಿರುಗಿಸುವವರಿಲ್ಲದೆ ನಿಂತಿತು. ತೂಬಿನ ಬಾಗಿಲನ್ನು ಯಾರೋ ಸೌದೆಗೆ ತೆಗೆದುಕೊಂಡು ಹೋದರು. ಕವಲು ಮೊದಲಿನಂತೆ ಮಧ್ಯಾಹ್ನ ದಾಟುವ ಹಾಗಾಯಿತು.

ಟಪ್ಪಾಲಿನ ಹೊತ್ತು ಮಾತ್ರ ಬದಲಾಗಲಿಲ್ಲ. ಬದಲಿಸಬೇಕಾದರೆ ಮತ್ತೆ ಬರೆದು ಕೇಳಬೇಕಿತ್ತು. ಕರುಣಾಕರರಿಗೆ ಆ ಹೊತ್ತಿಗೆ ಬೇರೆ ಕಡೆ ವರ್ಗವಾಗಿತ್ತು, ಸಿರಿಲ್ ಕೂಡ ಬಹರೈನು ಬಿಟ್ಟು ಮನೆಗೆ ಬಂದಿದ್ದರು, ನಾನು ಕೇಳಲಿಲ್ಲ. ದೂಮಪ್ಪಣ್ಣ ಎಂಬತ್ತೊಂಬತ್ತರವರೆಗೆ ಚೀಲ ಹೊತ್ತರು. ಆ ಫೆಬ್ರವರಿಯ ಮೇಲೆ ಅಷ್ಟೂ ವರ್ಷ ನಮ್ಮ ಕಾಗದಗಳು ಆಚೆ ದಡದಲ್ಲಿ ಒಂದು ರಾತ್ರಿ ಇದ್ದು ಬಂದವು. ಅವರು ಕೊಟ್ಟ ಮಾತು ಮುರಿಯಿತು.